ಅಜ್ಜಿಯ ಪಹಣಿ

ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಪ್ಪಾ, ಹುಡುಗ ಒಳ್ಳೆಯವನೇ. ಆದ್ರೆ ಶರ್ಟಿನ ಬಣ್ಣಕ್ಕೂ ಅವರಮ್ಮನ ಒಪ್ಪಿಗೆ ಬೇಕು. ಏನ್ ಮಾಡ್ಲಿ?" ಅಂತ. ನಕ್ಕು ಫೋನಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ನಾನೂ ಅದೇ ಅಚ್ಚಿನ ಬೆಲ್ಲ ತಾನೆ.

ನಿನ್ನ ಅಜ್ಜ ಹೋದಾಗ ಅಜ್ಜಿಗೆ 24 ವರ್ಷ, ನನಗೆ ಮೂರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡನ ಆಸ್ತಿಯಲ್ಲಿ ಅವಳಿಗೂ ಪಾಲಿತ್ತು. ಕೇಳುವ ಧೈರ್ಯ ಎಲ್ಲಿಂದ ಬರಬೇಕು? ಜಮೀನು ದೊಡ್ಡಪ್ಪಂದಿರ ಹೆಸರಿಗೆ ಹೋಯಿತು. ಅವಳಿಗೆ ಉಳಿದದ್ದು ಹೊಲಿಗೆ ಮಿಷನ್ನು ಮತ್ತು ನಾನು. ಅವಳ ಪಹಣಿ, ಪಾಸ್‌ಬುಕ್, ಪಿಂಚಣಿ ಎಲ್ಲ ನಾನೇ. ಅಂಥ ಪಹಣಿಗೆ ಇನ್ನೊಬ್ಬಳ ಹೆಸರು ಸೇರಿಸಲು ಅವಳ ಕೈ ನಡುಗದೆ ಇರುತ್ತದಾ?

ಅದಕ್ಕೇ ಅವಳನ್ನು ಬೈಯಲಾರೆ. ನನ್ನನ್ನು ಬೈಯಬಹುದು. 1996ರಲ್ಲಿ ಮದುವೆಯಾದ ಮೇಲೂ ಸಂಬಳದ ಕವರ್ ಅವಳ ಕೈಗೇ. ನಾವಿಬ್ಬರು ಸಿನಿಮಾಕ್ಕೆ ಹೊರಟರೆ ಅವಳಿಗೆ ಎದೆನೋವು. ನಾನು ಮರುಮಾತಿಲ್ಲದೆ ಚಪ್ಪಲಿ ಬಿಚ್ಚುತ್ತಿದ್ದೆ. ರಾತ್ರಿ ಹನ್ನೊಂದಾದರೂ ನನಗೆ ಬಡಿಸುವವಳು ಅವಳೇ. ನಿನ್ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿರುತ್ತಿದ್ದಳು. ನಿಜ ಹೇಳಲಾ? ನನಗೆ ಅದು ಹಿತವಾಗಿತ್ತು. ಇಬ್ಬರೂ ಜಗಳವಾಡುವಾಗ ನಾನು ಪೇಪರ್ ಹಿಡಿದು ಕೂತರೆ, "ಪಾಪ, ಎಷ್ಟು ಸಾಧು" ಎನ್ನುತ್ತಿದ್ದರು ಜನ.

2016ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ಕರ್ನಾಟಕದ್ದೇ ಒಂದು ಕೇಸಿನಲ್ಲಿ, ಸರಿಯಾದ ಕಾರಣವಿಲ್ಲದೆ ಗಂಡನನ್ನು ಅಪ್ಪ ಅಮ್ಮನಿಂದ ಬೇರೆ ಮಾಡಲು ಹೆಂಡತಿ ಹಟ ಹಿಡಿದರೆ ಅದು ಕ್ರೌರ್ಯ ಎಂದಿತು. ಆ ಸುದ್ದಿ ಇದ್ದ ಪೇಪರನ್ನು ನಿನ್ನಮ್ಮನ ಕಣ್ಣಿಗೆ ಬೀಳುವ ಹಾಗೆ ಟೀಪಾಯಿ ಮೇಲೆ ಇಟ್ಟಿದ್ದೆ. ಅವಳು ಬೇರೆ ಮನೆ ಕೇಳಿಯೇ ಇರಲಿಲ್ಲ.

ಹುಡುಗ ಅಮ್ಮನಿಗೆ ದಿನಕ್ಕೆ ಎಷ್ಟು ಸಲ ಫೋನ್ ಮಾಡುತ್ತಾನೆ ಅಂತ ಲೆಕ್ಕ ಇಡಬೇಡ. ಅಮ್ಮ ಬೇಡ ಅಂದದ್ದನ್ನು ಒಮ್ಮೆಯಾದರೂ ಮಾಡಿದ್ದಾನಾ, ಕೇಳು. ಮಾರನೇ ದಿನ ಇಬ್ಬರೂ ಮಾತಾಡಿದರಾ, ಅದನ್ನೂ ಕೇಳು. ಆ ಅಮ್ಮನಿಗೆ ಮಗನನ್ನು ಬಿಟ್ಟು ಬೇರೇನಿದೆ ಅಂತಲೂ ನೋಡು. ಕೆಲಸವೋ, ಗೆಳತಿಯರೋ, ತನ್ನದೇ ನಾಲ್ಕು ಕಾಸೋ.

ಇಷ್ಟನ್ನೂ ನಿನ್ನಮ್ಮನಿಗೆ ಓದಿ ಹೇಳಿದೆ. ಅವರೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡಳು. "ಮಲ್ಲಿಗೆ ವಿಷಯ ಬರೀಲಿಲ್ವಾ?" ಎಂದಳು.

ಎರಡು ಮೊಳ ತಂದರೂ ಮೊದಲು ಅಜ್ಜಿಯ ಕೈಗೆ ಕೊಡುತ್ತಿದ್ದೆ. ದೇವರಿಗೆ ಮುಡಿಸಿ ಉಳಿದರೆ ನಿನ್ನಮ್ಮನಿಗೆ.

ನಿನ್ನ
ಅಪ್ಪ