ಐದೂಮುಕ್ಕಾಲರ ಬಸ್ಸಿನ ಋಣ

ಈ ವರ್ಷದ ಬನದ ಹುಣ್ಣಿಮೆಗೆ ಹತ್ತು ದಿನ ಮುಂಚೆ ನಮ್ಮ ಕಾಲೇಜಿನ ಮೈದಾನದಲ್ಲಿ 'ಜೋಕುಮಾರಸ್ವಾಮಿ' ನಾಟಕದ ಎರಡನೆಯ ಪ್ರದರ್ಶನ ಮುಗಿಯಿತು. ಒಂದೇ ಶೈಕ್ಷಣಿಕ ವರ್ಷದಲ್ಲಿ ಮೂರು ನಾಟಕಗಳನ್ನು ಆಡುತ್ತೇವೆಂದು ಜುಲೈ ತಿಂಗಳಿನಲ್ಲಿ ಸ್ವಲ್ಪ ಹುಂಬತನದಿಂದಲೇ ಕೊಟ್ಟಿದ್ದ ಮಾತು ಅಲ್ಲಿಗೆ ಈಡೇರಿತು. ಅಂದು ರಾತ್ರಿ ವಂದನಾರ್ಪಣೆ ಮಾಡಬೇಕಾಗಿದ್ದವನು ನಾನು; ಜೇಬಿನಲ್ಲಿ ಎರಡು ಪುಟದ ಚೀಟಿಯೂ ಇತ್ತು. ಆದರೆ ಹಳ್ಳಿಗಳಿಗೆ ಮರಳಬೇಕಾಗಿದ್ದ ಹೆಣ್ಣುಮಕ್ಕಳನ್ನು ಟಂಟಂಗಳಿಗೆ ಹತ್ತಿಸುವ ಗಡಿಬಿಡಿಯಲ್ಲಿ ಪ್ರಾಚಾರ್ಯರಿಗೆ, ಅತಿಥಿಗಳಿಗೆ ಎರಡು ಮಾತು ಹೇಳಿ ವೇದಿಕೆಯಿಂದ ಇಳಿದುಬಿಟ್ಟೆ. ಚೀಟಿಯಲ್ಲಿ ಇದ್ದವರೆಲ್ಲ ಹಾಗೆಯೇ ಉಳಿದರು. ಅವರ ಋಣವನ್ನು ಒಪ್ಪಿಕೊಳ್ಳುವುದಕ್ಕಾಗಿ ಈ ಬರಹ.

ನಮ್ಮದು ಬಾದಾಮಿ ಸೀಮೆ. ನಾಟಕವೆಂದರೆ ಏನೆಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬನಶಂಕರಿ ಜಾತ್ರೆಯಲ್ಲಿ ವೃತ್ತಿ ಕಂಪನಿಗಳು ಸಾಲಾಗಿ ತಂಬು ಹಾಕುತ್ತವೆ, ರಾತ್ರಿಯ ಆಟಕ್ಕೆ ಸುತ್ತಲಿನ ಹಳ್ಳಿಗಳ ಜನ ಗಾಡಿ ಮಾಡಿಕೊಂಡು ಬರುತ್ತಾರೆ, ನಮ್ಮ ವಿದ್ಯಾರ್ಥಿಗಳ ಅಜ್ಜ ಅಜ್ಜಿಯರಿಗೆ ರಂಗಗೀತೆಗಳು ಬಾಯಿಪಾಠವಾಗಿವೆ. ಆದರೆ ಕಾಲೇಜಿನಲ್ಲಿ ನಾಟಕವೆಂದರೆ ವಾರ್ಷಿಕ ಸ್ನೇಹಸಮ್ಮೇಳನದ ದಿನ ಇಪ್ಪತ್ತು ನಿಮಿಷದ ಪ್ರಹಸನ ಎಂಬ ರೂಢಿ ಬಿದ್ದುಹೋಗಿತ್ತು. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಮೂರು ನಾಟಕಗಳನ್ನು ಸಾಲಾಗಿ ಆಡಿಸಿ ಆಧುನಿಕ ಕನ್ನಡ ರಂಗಭೂಮಿಗೆ ಹೊಸ ದಾರಿ ತೆರೆದ ಸಂಗತಿಯನ್ನು ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ, "ಸರ, ಬಯಲು ನಮ್ಮ ಕಾಲೇಜಿನಾಗೂ ಐತಿ, ನಾವ್ಯಾಕ ಆಡಬಾರದು?" ಎಂದು ಕೇಳಿದ. ಮೂರು ಎಂಬ ಸಂಖ್ಯೆ ಬಂದದ್ದು ಹೀಗೆ. ಕಾರಂತರಿಗೂ ನಮಗೂ ಇರುವ ಸಂಬಂಧ ಆ ಸಂಖ್ಯೆಗಷ್ಟೇ ಸೀಮಿತವೆಂದು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಮೊದಲ ಕೃತಜ್ಞತೆ ಸಲ್ಲಬೇಕಾದದ್ದು ಸಂಜೆ ಐದೂಮುಕ್ಕಾಲರ ಬಸ್ಸಿಗೆ. ನಮ್ಮ ತಂಡದ 26 ವಿದ್ಯಾರ್ಥಿಗಳಲ್ಲಿ 19 ಮಂದಿ ಹಳ್ಳಿಗಳಿಂದ ಬರುವವರು, ಅವರಲ್ಲಿ 11 ಮಂದಿಗೆ ಊರು ಮುಟ್ಟಿಸುವ ಕೊನೆಯ ಬಸ್ಸು ಅದೊಂದೇ. ಮೂರೂವರೆಗೆ ತರಗತಿ ಮುಗಿದರೆ, ಚಹಾ ಕುಡಿದು ತಾಲೀಮಿಗೆ ನಿಲ್ಲುವಷ್ಟರಲ್ಲಿ ನಾಲ್ಕು. ಐದೂಕಾಲಿಗೆ ಚೀಲ ಹೆಗಲಿಗೆ. ದಿನಕ್ಕೆ ಸಿಕ್ಕುತ್ತಿದ್ದುದು ಹೆಚ್ಚೆಂದರೆ ಒಂದೂಕಾಲು ಗಂಟೆ. ಒಂದು ದೃಶ್ಯ ಹದಕ್ಕೆ ಬರುವ ಹೊತ್ತಿಗೆ ಸರಿಯಾಗಿ ಯಾರೋ ಒಬ್ಬರು ಗಡಿಯಾರ ನೋಡುತ್ತಿದ್ದರು. ಇದನ್ನು ಯಾರು ಹೇಳಿದರೋ ತಿಳಿಯದು, ಸೆಪ್ಟೆಂಬರಿನಿಂದೀಚೆಗೆ ಆ ಬಸ್ಸಿನ ನಿರ್ವಾಹಕರು ಕಾಲೇಜಿನ ಗೇಟಿನ ಎದುರು ಬಸ್ಸು ನಿಧಾನಿಸಿ, ಒಳಗಿನ ಹುಡುಗಿಯರನ್ನು ಎಣಿಸಿ, "ಇನ್ನ ಇಬ್ಬರು ಬರಬೇಕಲ್ಲ?" ಎಂದು ಕೇಳಿ, ಅವರು ಓಡಿ ಬಂದು ಹತ್ತುವತನಕ ಸೀಟಿ ಊದುತ್ತಿರಲಿಲ್ಲ. ಆ ನಿರ್ವಾಹಕರ ಹೆಸರನ್ನು ಬರೆಯಬೇಕೆಂಬ ಆಸೆ ನನಗಿದೆ. ಬರೆದರೆ ಅವರಿಗೆ ಮೆಮೋ ಬಂದೀತೆಂದು ವಿದ್ಯಾರ್ಥಿಗಳೇ ತಡೆದಿದ್ದಾರೆ.

ಇದರ ಜೊತೆಗೆ ಇನ್ನೊಂದು ಮಾತು ಹೇಳಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗುವ ಮೊದಲು, ಭಾನುವಾರದ ತಾಲೀಮಿಗೆ ಬಾ ಎಂದರೆ ಹುಡುಗಿಯರು ಮನೆಯಲ್ಲಿ ಬಸ್ಸಿನ ದುಡ್ಡು ಕೇಳಬೇಕಾಗುತ್ತಿತ್ತು, ಕೇಳಿದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು, ಹೇಳಿದರೆ ಅಲ್ಲಿಗೆ ಮುಗಿಯುತ್ತಿತ್ತು. ಈ ವರ್ಷ ಭಾನುವಾರ ಬಂದವರಲ್ಲಿ ಹುಡುಗಿಯರೇ ಹೆಚ್ಚು. ಟಿಕೆಟ್ಟಿಗೆ ದುಡ್ಡು ಸಾಲದೆ ಉಳಿದವರು ಹುಡುಗರು. ಯೋಜನೆಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, 'ಜೋಕುಮಾರಸ್ವಾಮಿ'ಯಲ್ಲಿ ಗೌಡತಿಯಾದ ನಮ್ಮ ಹುಡುಗಿಯೂ ಹಿಮ್ಮೇಳದ ನಾಲ್ವರು ಹುಡುಗಿಯರೂ ಆ ಸೊನ್ನೆ ರೂಪಾಯಿಯ ಟಿಕೆಟ್ಟಿನ ಮೇಲೆಯೇ ತಾಲೀಮಿಗೆ ಬಂದರೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೈಲಾಸಂ ಅವರ 'ಟೊಳ್ಳು ಗಟ್ಟಿ' ನಮ್ಮ ಮೊದಲ ನಾಟಕ. ಅದು ಚೆನ್ನಾಗಿ ಆಗಲಿಲ್ಲ. ಇಂಗ್ಲಿಷ್ ಬೆರೆತ ಹಳೆ ಮೈಸೂರಿನ ಮನೆಮಾತನ್ನು ನಮ್ಮ ಹುಡುಗರು ಪರೀಕ್ಷೆಗೆ ಉರು ಹೊಡೆದವರಂತೆ ಒಪ್ಪಿಸಿದರು. ಅಂಕಗಳ ವಿದ್ಯೆ ಬೇರೆ, ಬಾಳಿಗೆ ಒದಗುವ ವಿದ್ಯೆ ಬೇರೆ ಎನ್ನುವ ನಾಟಕವನ್ನು ಹಾಗೆ ಒಪ್ಪಿಸಿದ್ದರಲ್ಲಿ ಒಂದು ವಿನೋದವೂ ಇತ್ತೆನ್ನಿ. ಜೊತೆಗೆ ಪ್ರದರ್ಶನದ ಹಿಂದಿನ ದಿನದ ಮಳೆಗೆ ಸಭಾಂಗಣದ ಮಾಡು ಸೋರಿ, ವೇದಿಕೆಯ ಮೇಲೆ ನೀರು ನಿಂತಿತು. ಸಮಾಜಶಾಸ್ತ್ರದ ಸಹೋದ್ಯೋಗಿಯೊಬ್ಬರು ತಮ್ಮ ತರಗತಿಯ ಕೋಣೆಯನ್ನೇ ಬಿಟ್ಟುಕೊಟ್ಟು, ಬೆಂಚುಗಳನ್ನು ಗೋಡೆಗೆ ಸರಿಸಿ, ನಡುವೆ ಜಮಖಾನೆ ಹಾಸಿ, "ಮನೆಯ ನಾಟಕ ಅಲ್ಲವೇ, ಮನೆಯ ಹಾಗೆಯೇ ಕೂತು ನೋಡೋಣ" ಎಂದರು. ಪ್ರೇಕ್ಷಕರ ಮೊಣಕಾಲು ನಟರಿಗೆ ತಾಗುವಷ್ಟು ಹತ್ತಿರದಲ್ಲಿ ಆಡಿದ ಎರಡನೆಯ ಪ್ರದರ್ಶನದಲ್ಲಿ ಮಾತು ಸ್ವಲ್ಪ ಸಡಿಲವಾಯಿತು. ಆ ಸಹೋದ್ಯೋಗಿಗೂ, ಆಂತರಿಕ ಪರೀಕ್ಷೆಯ ದಿನಾಂಕಗಳನ್ನು ನಮಗಾಗಿ ಹಿಂದೆ ಮುಂದೆ ಮಾಡಿದ ಉಳಿದ ಅಧ್ಯಾಪಕರಿಗೂ ವಂದನೆಗಳು.

ನವೆಂಬರಿನಲ್ಲಿ ಕುವೆಂಪು ಅವರ 'ಜಲಗಾರ'ವನ್ನು ಹಗಲಿನಲ್ಲಿಯೇ, ಬಯಲಿನಲ್ಲಿಯೇ ಆಡಿದೆವು. 1928ರಲ್ಲಿ ಪ್ರಕಟವಾದ ಈ ಕಿರುನಾಟಕದಲ್ಲಿ ಬೀದಿ ಗುಡಿಸುವವನ ಎದುರು ಶಿವನೇ ಜಗದ ಜಲಗಾರನಾಗಿ ಬಂದು ನಿಲ್ಲುತ್ತಾನೆ. ಸರಳ ರಗಳೆಯ ಸಾಲುಗಳನ್ನು ಉಸಿರು ಎಲ್ಲಿ ನಿಲ್ಲಿಸಬೇಕೆಂದು ತಿಳಿದು ಹೇಳುವುದಕ್ಕೇ ಮೂರು ವಾರ ಹಿಡಿಯಿತು; ಹಾಗಾಗಿ ನಮ್ಮ ಗಮನವೆಲ್ಲ ನಾಲಗೆಯ ಮೇಲಿತ್ತು, ಕೈಯ ಮೇಲೆ ಇರಲಿಲ್ಲ. ಒಂದು ಭಾನುವಾರ ಬೆಳಗ್ಗೆ ಕಾಲೇಜಿನ ಮುಂದಿನ ರಸ್ತೆ ಗುಡಿಸುತ್ತಿದ್ದ ಪೌರಕಾರ್ಮಿಕ ಮಹಿಳೆಯೊಬ್ಬರು ಗೇಟಿನ ಬಳಿ ಬಹಳ ಹೊತ್ತು ನಿಂತು ನೋಡಿ, ಕೊನೆಗೆ ತಡೆಯಲಾರದೆ ಒಳಗೆ ಬಂದರು. "ತಮ್ಮಾ, ಕಸಬರಿಗಿ ಹಂಗ ಹಿಡದ್ರ ಹತ್ತ ನಿಮಿಷಕ್ಕ ಸೊಂಟ ಬಿದ್ದು ಹೋಗತೈತಿ. ಕೊಡು ಇಲ್ಲೆ" ಎಂದು ಹುಡುಗನ ಕೈಯಿಂದ ಅದನ್ನು ತೆಗೆದುಕೊಂಡು, ಒಂದು ಕೈ ಕೋಲಿನ ತುದಿಯಲ್ಲಿ, ಇನ್ನೊಂದು ಕೈ ನಡುವಿನ ಕೆಳಗೆ ಇಟ್ಟು, ಮಣಿಕಟ್ಟನ್ನು ಬಿಟ್ಟು ಹೆಗಲಿನಿಂದ ಬೀಸಿ ತೋರಿಸಿದರು. ಗಾಳಿ ಯಾವ ಕಡೆಯಿಂದ ಬರುತ್ತದೆಂದು ಮೊದಲು ನೋಡಬೇಕು, ಅದಕ್ಕೆ ಬೆನ್ನು ಕೊಟ್ಟು ಗುಡಿಸಬೇಕು, ಕಸವನ್ನು ದೂರ ನೂಕಿಕೊಂಡು ಹೋಗದೆ ಅಲ್ಲಲ್ಲಿಯೇ ಸಣ್ಣ ಗುಂಪು ಮಾಡುತ್ತ ಬರಬೇಕು. ಹುಡುಗ ಆ ವಾರವೆಲ್ಲ ಅದನ್ನೇ ಅಭ್ಯಾಸ ಮಾಡಿದ. ಅಚ್ಚರಿಯೆಂದರೆ, ಬೀಸಿನ ಲಯ ಕೂಡಿದ ಮೇಲೆ ಉಸಿರಿನ ನಿಲುಗಡೆಯೂ ತಾನಾಗಿಯೇ ಕೂಡಿತು. ನಾನು ಮೂರು ವಾರ ಛಂದಸ್ಸಿನ ಗಣ ಎಣಿಸಿ ಹೇಳಿಕೊಡಲಾಗದ್ದು ಅದು. ಪ್ರದರ್ಶನದ ದಿನ ಆ ತಾಯಿ ತಮ್ಮ ಜೊತೆಯ ಆರು ಜನರೊಂದಿಗೆ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಶಿವ ಪ್ರತ್ಯಕ್ಷನಾದಾಗ ಅವರಿಗೆ ಏನನಿಸಿತೋ ನಾನು ಕೇಳಲಿಲ್ಲ. ನಾಟಕ ಮುಗಿದ ಮೇಲೆ ಅವರು ಹುಡುಗನಿಗೆ ಹೇಳಿದ್ದು, "ಈಗ ಬರೋಬ್ಬರಿ ಹಿಡದಿ ನೋಡು" ಎಂದಷ್ಟೇ.

'ಜೋಕುಮಾರಸ್ವಾಮಿ'ಯ ಋಣ ದೊಡ್ಡದು. ಚಂದ್ರಶೇಖರ ಕಂಬಾರರ ಈ ನಾಟಕದ ಭಾಷೆ ನಮ್ಮ ಮನೆಯ ಭಾಷೆಗೆ ಹತ್ತಿರ. ಭಾದ್ರಪದದಲ್ಲಿ ಬುಟ್ಟಿಯೊಳಗೆ ಬೇವಿನ ಸೊಪ್ಪಿನ ನಡುವೆ ಕುಳಿತು ಮನೆಮನೆಗೆ ಬರುವ ಜೋಕುಮಾರ ನಮ್ಮ ಮಕ್ಕಳಿಗೆ ಪುಸ್ತಕದ ದೇವರಲ್ಲ. ಕಷ್ಟವಿದ್ದದ್ದು ಬೇರೆ ಕಡೆ. ನಮ್ಮ ಹಳ್ಳಿಗಳಲ್ಲಿ ನಾಟಕವಾದರೆ ಗಂಡು ಪಾತ್ರಗಳಿಗೆ ಊರಿನ ಹುಡುಗರು, ಹೆಣ್ಣು ಪಾತ್ರಗಳಿಗೆ ಹೊರಗಿನಿಂದ ಕರೆಸಿದ ಕಲಾವಿದೆಯರು. ಹುಡುಗರ ಹೆಸರು ಕರಪತ್ರದಲ್ಲಿ ಊರಿನ ಅಭಿಮಾನವಾಗಿ ಅಚ್ಚಾಗುತ್ತದೆ. ಆ ಕಲಾವಿದೆಯರ ಬಗ್ಗೆ ಕಟ್ಟೆಯ ಮೇಲೆ ಆಡುವ ಮಾತು ಬೇರೆ. ಅಂಥ ಕಡೆ ಊರಿನ ಮಗಳೊಬ್ಬಳು, ಗಂಡನಿಂದ ಫಲ ಕಾಣದ ಗೌಡತಿಯ ಪಾತ್ರವನ್ನು, ಮಕ್ಕಳಾಗಲೆಂದು ಪಡವಲಕಾಯಿಯ ಪಲ್ಯ ಮಾಡಿಕೊಂಡು ಗಂಡನಿಗಾಗಿ ಕಾದು ಕುಳಿತುಕೊಳ್ಳುವ ಪಾತ್ರವನ್ನು ಮಾಡುವುದೆಂದರೆ ಸುಲಭದ ಮಾತಲ್ಲ. ಅದನ್ನು ವಹಿಸಿಕೊಂಡ ದ್ವಿತೀಯ ಬಿ.ಎ. ವಿದ್ಯಾರ್ಥಿನಿಯ ತಾಯಿ ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಬಂದು ಹಿಂದಿನ ಬಾಗಿಲ ಬಳಿ ಕುಳಿತು ತಾಲೀಮು ನೋಡಿ, ಒಂದೂ ಮಾತಾಡದೆ ಎದ್ದು ಹೋದರು. ಮಗಳು ಎರಡು ದಿನ ಕಾಲೇಜಿಗೆ ಬರಲಿಲ್ಲ. ಮೂರನೆಯ ದಿನ ಬಂದಳು. ವಾರದ ನಂತರ ತಾಯಿ ಇನ್ನೊಮ್ಮೆ ಬಂದು ನೋಡಿ, ಮತ್ತೆ ಮಾತಾಡದೆ ಹೋದರು. ಮೂರನೆಯ ಸಲ ಬಂದಾಗ ಅವರ ಕಂಕುಳಲ್ಲಿ ಹಳೆಯ ದೋತರದಲ್ಲಿ ಕಟ್ಟಿದ ಗಂಟೊಂದಿತ್ತು. ಬಿಚ್ಚಿದರೆ ಕಡು ಹಸಿರಿನ ಇಲಕಲ್ ಸೀರೆ, ಕೆಂಪು ಸೆರಗಿನಲ್ಲಿ ಬಿಳಿಯ ಟೋಪ ತೆನೆಯ ವಿನ್ಯಾಸ, ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸ. "ಸರ, ಇದು ನನ್ನ ಲಗ್ನದ ಸೀರಿರೀ. ಬಾಡಿಗಿ ಸೀರಿ ಉಟ್ಟು ಗೌಡತಿ ಆಗಾಕ ಬರೂದಿಲ್ಲ" ಎಂದರು. ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಸೇರಿಸಿದ ಜಾಗದಲ್ಲಿ ಎರಡು ಎಳೆ ಸಡಿಲವಾಗಿತ್ತು. ಅಲ್ಲಿ ಕಾಲು ಸಿಕ್ಕಿಸಿಕೊಳ್ಳಬೇಡವೆಂದು ಮಗಳಿಗೆ ಎಚ್ಚರಿಕೆ ಹೇಳಿದರು. ಆ ಎರಡು ದಿನ ಅವರ ಮನೆಯಲ್ಲಿ ಏನು ನಡೆಯಿತೆಂದು ನಾನು ಇಂದಿಗೂ ವಿಚಾರಿಸಿಲ್ಲ. ನಮ್ಮ ನಾಟಕದ ಬಹುಪಾಲು ಅಲ್ಲಿಯೇ ನಡೆಯಿತೆಂಬುದು ಮಾತ್ರ ನನ್ನ ಗುಮಾನಿ. ಆ ತಾಯಿಗೆ ನಮ್ಮ ಇಡೀ ತಂಡದ ನಮಸ್ಕಾರಗಳು.

ಇನ್ನು ಬಸಣ್ಣನ ವಿಷಯ. ಉಳುವವನೇ ಹೊಲದ ಒಡೆಯನೆಂದು ಗೌಡನ ಎದುರು ನಿಂತು ಕೊನೆಗೆ ಪ್ರಾಣ ಕಳೆದುಕೊಳ್ಳುವ ಆ ಪಾತ್ರವನ್ನು ಎರಡು ತಿಂಗಳು ತಾಲೀಮು ಮಾಡಿದ ಹುಡುಗ, ಡಿಸೆಂಬರಿನ ನಡುವೆ ಮನೆಯವರ ಜೊತೆಗೆ ಗೋವಾಕ್ಕೆ ಗುಳೆ ಹೋದ. ಹೊಲ ಬೆಳೆಯದ ವರ್ಷ ನಮ್ಮ ಕಡೆಯ ಕುಟುಂಬಗಳಿಗೆ ಅದು ಹೊಸದಲ್ಲ. ಹಾಜರಿ ಪುಸ್ತಕದಲ್ಲಿ ಇಂಥ ಖಾಲಿ ಜಾಗಗಳನ್ನು ನೋಡಿ ನಮಗೂ ರೂಢಿಯಾಗಿದೆ. ಆದರೆ ರಂಗದ ನಡುವೆ ಆ ಜಾಗ ಖಾಲಿಯಾದಾಗ ತಡೆದುಕೊಳ್ಳುವುದು ಕಷ್ಟವಾಯಿತು. ಮರೆಯಲ್ಲಿ ಕುಳಿತು ಮಾತು ಎತ್ತಿಕೊಡುತ್ತಿದ್ದ ಹುಡುಗನಿಗೆ ನಾಟಕವೆಲ್ಲ ಬಾಯಿಗೆ ಬರುತ್ತಿತ್ತು, ಹಾಡು ಮಾತ್ರ ಬರುತ್ತಿರಲಿಲ್ಲ. ಗೋವಾದಲ್ಲಿ ದಿನವೆಲ್ಲ ಇಟ್ಟಿಗೆ ಹೊತ್ತ ಮೇಲೆ ರಾತ್ರಿ ಎಂಟೂವರೆಗೆ ಮೊದಲನೆಯವನು ಫೋನು ಮಾಡಿ, ಎರಡನೆಯವನಿಗೆ ಹಾಡು ಹೇಳಿಕೊಟ್ಟ. ಹೀಗೆ ಒಂಬತ್ತು ರಾತ್ರಿ. ಕಟ್ಟಡದ ಕೆಲಸಗಾರರ ಶೆಡ್ಡಿನಿಂದ ಬರುತ್ತಿದ್ದ ಆ ದನಿಯ ಹಿಂದೆ ಮಿಕ್ಸರ್ ಯಂತ್ರದ ಸದ್ದೂ ಕೇಳುತ್ತಿತ್ತು. ಕರಪತ್ರ ಅಚ್ಚಾಗುವಾಗ ಬಸಣ್ಣನ ಪಾತ್ರದ ಎದುರು ಇಬ್ಬರ ಹೆಸರನ್ನೂ ಹಾಕಿಸಿದೆವು. ಅದರ ಒಂದು ಪ್ರತಿಯನ್ನು ಅವನಿಗಾಗಿ ಎತ್ತಿಟ್ಟಿದ್ದೇನೆ; ಪರೀಕ್ಷೆಗಾದರೂ ಬಾ ಎಂದು ಇಲ್ಲಿಯೂ ಒಮ್ಮೆ ಹೇಳುತ್ತೇನೆ.

ಹಾಡುಗಳ ಮಾತು ಬಂದದ್ದರಿಂದ ಹಾರ್ಮೋನಿಯಂ ಮಾಸ್ತರರನ್ನು ನೆನೆಯಬೇಕು. ಮೂರು ದಶಕಗಳಿಗೂ ಹೆಚ್ಚು ಕಾಲ ನಾಟಕ ಕಂಪನಿಗಳಲ್ಲಿ ಕಾಲ್ಪೆಟ್ಟಿಗೆ, ಅಂದರೆ ಕಾಲಿನಿಂದ ಗಾಳಿ ಹಾಕುವ ಹಾರ್ಮೋನಿಯಂ, ನುಡಿಸಿ ಈಗ ಮಗನ ಮನೆಯಲ್ಲಿರುವ ಅವರು ನಮ್ಮಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳಲಿಲ್ಲ, ಆದರೆ ಬೈಗುಳಕ್ಕೆ ಕಡಿಮೆ ಮಾಡಲಿಲ್ಲ. ನಾಂದಿ ಇಲ್ಲದೆ ನಾಟಕ ಶುರು ಮಾಡುವುದು ಅವರಿಗೆ ಒಪ್ಪಿಗೆಯಾಗದೆ, ನಾಟಕದ ಪೂಜೆಯ ಹಾಡನ್ನೇ ನಾಂದಿಯೆಂದು ಭಾವಿಸಿಕೊಳ್ಳುವ ರಾಜಿಗೆ ಬಂದರು. ತಾಲೀಮಿನಲ್ಲಿ ಮೈದಾನದ ತುದಿಯ ಬೇವಿನ ಮರದ ಕೆಳಗೆ ಹೋಗಿ ನಿಂತು, ಕೇಳಿಸದ ಪ್ರತಿಯೊಂದು ಮಾತಿಗೂ ಕೈ ಎತ್ತುತ್ತಿದ್ದರು. ಮೊದಲ ವಾರ ಆ ಕೈ ಕೆಳಗಿಳಿದದ್ದೇ ಕಡಿಮೆ. ಮೈಕು ಕೈಕೊಟ್ಟ ಎರಡನೆಯ ಪ್ರದರ್ಶನದ ಹದಿನೈದು ನಿಮಿಷಗಳಲ್ಲಿ ಪ್ರೇಕ್ಷಕರು ಯಾರೂ ಏಳದೆ ಕುಳಿತದ್ದು ಆ ಕೈಯಿಂದಾಗಿ.

ಬೆಳಕಿನ ಕಥೆ ಚಿಕ್ಕದು. ಬಸ್ ನಿಲ್ದಾಣದ ಎದುರಿನ ಖಾನಾವಳಿಯವರು ಕೊಟ್ಟ 15 ಕೆಜಿಯ ಖಾಲಿ ಎಣ್ಣೆ ಡಬ್ಬಿಗಳನ್ನು ಕತ್ತರಿಸಿ, ಒಳಗೆ ಬಲ್ಬು ಕೂರಿಸಿ, ಊರಿನ ಎಲೆಕ್ಟ್ರಿಷಿಯನ್ ಒಬ್ಬರು ಹನ್ನೆರಡು ದೀಪಗಳನ್ನು ಮಾಡಿಕೊಟ್ಟರು. ಅದೇ ಖಾನಾವಳಿಯಿಂದ ಪ್ರದರ್ಶನದ ಎರಡೂ ದಿನ ಎಲ್ಲರಿಗೂ ರೊಟ್ಟಿ ಪಲ್ಯ ಬಂತು. ಮೊದಲ ದಿನದ ಪಲ್ಯ ಪಡವಲಕಾಯಿಯದೇ ಆಗಿತ್ತು, ಅದನ್ನು ನೋಡಿ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಪೆಂಡಾಲಿನವರು ಜನರೇಟರಿನ ಡೀಸೆಲ್ ಹಣವನ್ನಷ್ಟೇ ತೆಗೆದುಕೊಂಡರು. ರಾತ್ರಿ ಹತ್ತೂವರೆಯ ನಂತರ ಐದು ಹಳ್ಳಿಗಳಿಗೆ ಮಕ್ಕಳನ್ನು ತಲುಪಿಸಿ, ಪ್ರತಿ ಮನೆಯ ಬಾಗಿಲು ತೆರೆಯುವವರೆಗೆ ನಿಂತು, ಆಮೇಲೆ ನನಗೆ ಫೋನು ಮಾಡಿದ ಟಂಟಂ ಚಾಲಕರನ್ನು ಮರೆಯಲಾರೆ.

ತಂದ ವಸ್ತುಗಳಲ್ಲಿ ಬಹುತೇಕ ಎಲ್ಲವನ್ನೂ ಅವರವರ ಮನೆಗೆ ಮುಟ್ಟಿಸಿದ್ದೇವೆ. ಇಲಕಲ್ ಸೀರೆಯನ್ನು ಇಸ್ತ್ರಿ ಮಾಡಿಸಿ, ಅದೇ ದೋತರದಲ್ಲಿ ಕಟ್ಟಿ, ನಾನೇ ಹೋಗಿ ಕೊಟ್ಟು ಬಂದಿದ್ದೇನೆ. ಒಂದು ತಾಮ್ರದ ಕೊಡ, ಬೆಳ್ಳಿಯ ಕಟ್ಟಿನ ಒಂದು ಬೆತ್ತ, ಗಾಜು ಸೀಳಿದ ಒಂದು ಕಂದೀಲು ಯಾರವೆಂದು ತಿಳಿಯದೆ ಕನ್ನಡ ವಿಭಾಗದ ಕಪಾಟಿನಲ್ಲಿ ಉಳಿದಿವೆ. ಕಂದೀಲಿನ ಗಾಜು ನಮ್ಮಿಂದಲೇ ಸೀಳಿದ್ದು, ಹೊಸದನ್ನು ಹಾಕಿಸಿದ್ದೇವೆ. ಯಾವ ದಿನವಾದರೂ ಹನ್ನೊಂದರಿಂದ ನಾಲ್ಕರ ನಡುವೆ ಬಂದು ತೆಗೆದುಕೊಂಡು ಹೋಗಬೇಕೆಂದು ವಿನಂತಿ.