ಸಿಬ್ಬಂದಿಯ ಕಷ್ಟ ಕೇಳುವ ವೈದ್ಯಾಧಿಕಾರಿ ಬೇಕು

ಮಾನ್ಯರೇ,

ಸರ್ಕಾರಿ ಆಸ್ಪತ್ರೆ ಎಂದೊಡನೆ ಯಂತ್ರವಿಲ್ಲ, ವೈದ್ಯರಿಲ್ಲ ಎಂಬ ದೂರು ಕೇಳಿಬರುತ್ತದೆ. ಅದೇ ಯಂತ್ರ, ಅದೇ ಸಿಬ್ಬಂದಿ ಇದ್ದೂ ಆಸ್ಪತ್ರೆಯ ರೀತಿಯೇ ಬದಲಾದದ್ದನ್ನು ನಾನು ಕಂಡಿದ್ದೇನೆ. ಬದಲಾದವರು ಆಡಳಿತ ವೈದ್ಯಾಧಿಕಾರಿ ಮಾತ್ರ.

ಹಾವೇರಿ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನನ್ನ ಪತ್ನಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ನಡೆಯುತ್ತದೆ. ಒಮ್ಮೆ ಮಲಗಿದರೆ ನಾಲ್ಕು ತಾಸು. ಮೈಯ ನೀರು ತೆಗೆಯುತ್ತ ಬಂದಂತೆ ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಚಳಿ ಹತ್ತುತ್ತದೆ. ಹಿಂದಿನ ಅಧಿಕಾರಿ ರೋಗಿಗಳೆದುರೇ ಸಿಸ್ಟರ್ ಅವರನ್ನು ಗದರಿಸುತ್ತಿದ್ದರು. ಸಿಸ್ಟರ್ ನಮ್ಮ ಮೇಲೆ ಹರಿಹಾಯುತ್ತಿದ್ದರು. ಕಾಲು ಹಿಡಿದಿದೆ ಎಂದರೆ, "ಎಲ್ಲರಿಗೂ ಹಿಡಿಯುತ್ತದೆ, ಸುಮ್ಮನೆ ಮಲಗಿ" ಎಂಬ ಉತ್ತರ. ಪತ್ನಿ ಹೇಳುವುದನ್ನೇ ಬಿಟ್ಟಳು, ಹಲ್ಲು ಕಚ್ಚಿ ಮಲಗಿರುತ್ತಿದ್ದಳು. ಡಯಾಲಿಸಿಸ್ ರೋಗಿ ಹೀಗೆ ಬಾಯಿ ಮುಚ್ಚಿಕೊಂಡರೆ ಒತ್ತಡ ಕುಸಿಯುತ್ತಿರುವುದು ತಡವಾಗಿ ತಿಳಿಯುತ್ತದೆ. ಅದು ಜೀವಕ್ಕೇ ಅಪಾಯ.

ಈಗಿನ ಅಧಿಕಾರಿ ಬಂದವರೇ ತಂತ್ರಜ್ಞರು, ಸಿಸ್ಟರ್, ಗ್ರೂಪ್ ಡಿ ನೌಕರರು ಎಲ್ಲರನ್ನೂ ಕೂರಿಸಿಕೊಂಡು ತೊಂದರೆ ಕೇಳಿದರು. ಊಟಕ್ಕೂ ಬಿಡುವಿಲ್ಲವೆಂದು ತಿಳಿದ ಮೇಲೆ ಆ ಹೊತ್ತಿಗೆ ವಾರ್ಡಿನಿಂದ ಒಬ್ಬರನ್ನು ಕೊಟ್ಟರು. ತಪ್ಪು ಕಂಡರೆ ಕೋಣೆಗೆ ಕರೆದು ಹೇಳುತ್ತಾರೆ. ಈಗ ಅದೇ ಸಿಸ್ಟರ್ ಕರೆಯುವ ಮೊದಲೇ ಬಂದು, ಪಾದವನ್ನು ಮೊಣಕಾಲಿನ ಕಡೆಗೆ ಒತ್ತಿ ಹಿಡಿದು, "ಸ್ವಲ್ಪ ತಾಳಿರಿ ಅಕ್ಕಾ" ಎನ್ನುತ್ತಾರೆ. ಬಸ್ ನಿರ್ವಾಹಕನಾಗಿದ್ದ ನನಗೆ ಇದು ಅರ್ಥವಾಗುತ್ತದೆ: ಡಿಪೋದಲ್ಲಿ ಬೈಸಿಕೊಂಡು ಹೊರಟವರ ಬಸ್ಸಿನಲ್ಲಿ ಚಿಲ್ಲರೆಗೂ ಜಗಳ.

ವರ್ಗಾವಣೆಯ ಸುದ್ದಿ ಬಂದಾಗಲೆಲ್ಲ ಪತ್ನಿ, "ಈ ಸಾಹೇಬರೂ ಹೋಗುತ್ತಾರೇನು?" ಎಂದು ಕೇಳುತ್ತಾಳೆ. ರೋಗಿ ಇಂಥ ಭಯದಲ್ಲಿರಬೇಕೇ?

ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ 'ಮೇರಾ ಅಸ್ಪತಾಲ್' ವ್ಯವಸ್ಥೆ ರೋಗಿಯ ಅಸಮಾಧಾನದ ಕಾರಣ ಕೇಳುವಾಗ ಸ್ವಚ್ಛತೆ, ಖರ್ಚುಗಳ ಜೊತೆ ಸಿಬ್ಬಂದಿಯ ವರ್ತನೆಯನ್ನೂ ಕೇಳುತ್ತದೆ. ಆ ಸಿಬ್ಬಂದಿಯೊಂದಿಗೆ ಅಧಿಕಾರಿಯ ವರ್ತನೆ ಹೇಗಿದೆ ಎಂದು ವಿಚಾರಿಸುವವರು ಯಾರು? ಆಸ್ಪತ್ರೆಯ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯ ಪ್ರತಿ ಸಭೆಯಲ್ಲಿ ಒಬ್ಬ ನರ್ಸ್, ಒಬ್ಬ ತಂತ್ರಜ್ಞ, ಒಬ್ಬ ಗ್ರೂಪ್ ಡಿ ನೌಕರರಿಗೆ ಅಂಜಿಕೆಯಿಲ್ಲದೆ ಮಾತನಾಡಲು ಜಿಲ್ಲಾಡಳಿತ ಅವಕಾಶ ಮಾಡಿಕೊಡಲಿ. ಆಡಳಿತ ಹುದ್ದೆಗೆ ವೈದ್ಯರನ್ನು ನೇಮಿಸುವಾಗ ಆರೋಗ್ಯ ಇಲಾಖೆ ಸೇವಾ ಹಿರಿತನವೊಂದನ್ನೇ ನೋಡದೆ, ಅವರ ಕೈಕೆಳಗೆ ದುಡಿದವರ ಅಭಿಪ್ರಾಯವನ್ನೂ ಪಡೆಯಲಿ.

– ನಿವೃತ್ತ ಬಸ್ ನಿರ್ವಾಹಕ, ಹಾವೇರಿ ಜಿಲ್ಲೆ