ಸಂಪಾದಕೀಯ: ಪಿನ್ನಿಗೆ ಮುಂಚೆ ಒಂದು ಕೆಲಸ

ಜುಲೈ ಬಂತೆಂದರೆ ಬಳ್ಳಾರಿ, ರಾಯಚೂರು, ಕೊಪ್ಪಳ, ಗಂಗಾವತಿ, ಸಿಂಧನೂರಿನ ಗೆಳೆಯರಿಂದ ವಿದೇಶದಲ್ಲಿರುವ ನಮ್ಮ ಸಂಘದ ಸದಸ್ಯರಿಗೆಲ್ಲ ಒಂದೇ ಥರದ ಫೋಟೊಗಳು ಬರತೊಡಗುತ್ತವೆ: ಸೇವಾ ಕ್ಲಬ್ಬಿನ ಪದಗ್ರಹಣ. ಅಧ್ಯಕ್ಷರ ಕೊರಳಲ್ಲಿ ಕಾಲರ್, ಅತಿಥಿಗಳ ತಲೆಗೆ ಪೇಟ, ವೇದಿಕೆಯ ಮೇಲೆ ಹದಿನೈದು ಕುರ್ಚಿ. ಕೆಳಗೆ ಸಾಲಾಗಿ ನಿಂತ ಎಂಟು-ಹತ್ತು ಹೊಸಬರು, ಎದೆಯ ಮೇಲೆ ಹೊಳೆಯುವ ಸದಸ್ಯತ್ವದ ಪಿನ್ನು. ಮುಂದಿನ ಜೂನ್‌ನಲ್ಲಿ ಅದೇ ಸಾಲನ್ನು ಮತ್ತೆ ನಿಲ್ಲಿಸಿ ತೆಗೆದ ಫೋಟೊ ಮಾತ್ರ ಯಾರೂ ಕಳಿಸುವುದಿಲ್ಲ.

ರೋಟರಿ, ಲಯನ್ಸ್ ಎಂಬ ಈ ಸೇವಾ ಕ್ಲಬ್ಬುಗಳೆರಡರ ವರ್ಷವೂ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಅಧ್ಯಕ್ಷರ ಕೈಯಲ್ಲಿರುವುದು ಹನ್ನೆರಡೇ ತಿಂಗಳು. ಆದ್ದರಿಂದ ಅವರು ತಾವು ಸೇರಿಸಿದವರ ಲೆಕ್ಕ ಹೇಳುತ್ತಾರೆ, ಬಿಟ್ಟುಹೋದವರನ್ನು ಹಿಂದಿನ ಅಧ್ಯಕ್ಷರ ಖಾತೆಗೆ ಬರೆಯುತ್ತಾರೆ. ಒಂದು ಕ್ಲಬ್ಬಿನಲ್ಲಿ ಜುಲೈ 1ಕ್ಕೆ 42 ಜನರಿದ್ದರು, ವರ್ಷದಲ್ಲಿ 9 ಜನ ಸೇರಿದರು, 11 ಜನ ಬಿಟ್ಟರು ಎಂದಿಟ್ಟುಕೊಳ್ಳಿ. ವರದಿಯಲ್ಲಿ ಕಾಣುವುದು 9. ಕ್ಲಬ್ಬು ಇಳಿದದ್ದು 40ಕ್ಕೆ. ಆ 11 ಜನರಲ್ಲಿ ಸೇರಿ ಒಂದು ವರ್ಷವೂ ಆಗದವರು ಎಷ್ಟು ಎಂದು ಕೇಳಿ ನೋಡಿ. ಹಳಬರು ವಯಸ್ಸಾಗಿ ಬಿಡುವುದು ಒಂದು, ಹೊಸಬರು ಬೇಸತ್ತು ಬಿಡುವುದು ಬೇರೆಯೇ ಒಂದು. ಎರಡನೆಯದಕ್ಕೆ ಕ್ಲಬ್ಬೇ ಹೊಣೆ.

ಇದಕ್ಕೆ ಬೇಕಾದದ್ದು ಒಂದು ನೂರು ಪುಟದ ನೋಟ್‌ಬುಕ್ಕು. ಪ್ರತಿ ಸದಸ್ಯರಿಗೆ ಒಂದು ಸಾಲು: ಹೆಸರು, ಸೇರಿದ ತಿಂಗಳು, ಕರೆತಂದವರು ಯಾರು, ಮೊದಲು ಕೊಟ್ಟ ಕೆಲಸ ಯಾವುದು, ಕೊನೆಯದಾಗಿ ಸಭೆಗೆ ಬಂದದ್ದು ಯಾವಾಗ. ನಾಲ್ಕನೆಯ ಕಾಲಂ ಖಾಲಿ ಇರುವವರ ಹೆಸರುಗಳನ್ನು ಓದಿ. ಮುಂದಿನ ಜೂನ್‌ನಲ್ಲಿ ಇರಲಾರದವರ ಪಟ್ಟಿ ಬಹುಮಟ್ಟಿಗೆ ಅದೇ.

ಹೊಸಬರನ್ನು ಎಲ್ಲಿ ಹುಡುಕಬೇಕು? ನಮ್ಮ ಕಡೆ ಕ್ಲಬ್ಬುಗಳು ಸಾಮಾನ್ಯವಾಗಿ ಅಧ್ಯಕ್ಷರ ಅಂಗಡಿಯ ಬೀದಿಯಲ್ಲೇ ಹುಡುಕುತ್ತವೆ. ಜವಳಿ ಅಂಗಡಿಯವರು ಜವಳಿಯವರನ್ನು, ಗುತ್ತಿಗೆದಾರರು ಗುತ್ತಿಗೆದಾರರನ್ನು ಕರೆತರುತ್ತಾರೆ. ಹತ್ತು ವರ್ಷದಲ್ಲಿ ಅದು ಒಂದೇ ವ್ಯಾಪಾರದ, ಕೆಲವೊಮ್ಮೆ ಒಂದೇ ಜಾತಿಯ ಕೂಟವಾಗುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಹೊರಗಿನವರಿಗೆ ಹೆಸರುಗಳ ಪಟ್ಟಿ ನೋಡಿದ ಕೂಡಲೇ ಗೊತ್ತಾಗುತ್ತದೆ. ವೃತ್ತಿಗೊಬ್ಬರಿರಬೇಕೆಂಬ ರೋಟರಿಯ ಹಳೆಯ ಪದ್ಧತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಊರಿನ ಕಸುಬುಗಳನ್ನು ಒಂದು ಹಾಳೆಯಲ್ಲಿ ಬರೆದು, ಕ್ಲಬ್ಬಿನಲ್ಲಿ ಇರುವವನ್ನು ಹೊಡೆದುಹಾಕಿ, ಉಳಿದದ್ದನ್ನು ನೋಡಬೇಕು. ರಾಯಚೂರಿನಲ್ಲಿ ಗಂಜಿನ (ಕೃಷಿ ಮಾರುಕಟ್ಟೆಯ) ದಲಾಲಿ ಅಂಗಡಿ, ಹತ್ತಿ ಜಿನ್ನಿಂಗ್, ಅಕ್ಕಿ ಗಿರಣಿ, ಶಕ್ತಿನಗರದ ವಿದ್ಯುತ್ ಸ್ಥಾವರದ ಎಂಜಿನಿಯರುಗಳು, ಕೃಷಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಘಟಕದವರು, ಮೊದಲು ವಿಮ್ಸ್ ಎಂಬ ಹೆಸರಿದ್ದ ಸರಕಾರಿ ವೈದ್ಯಕೀಯ ಕಾಲೇಜಿನ ವೈದ್ಯರ ಜೊತೆಗೆ ಅಲ್ಲಿನ ನರ್ಸುಗಳು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗಿಬರುವವರು. ಕೊಪ್ಪಳದಲ್ಲಿ ಗಿಣಿಗೇರಿ ಕಡೆಯ ಕಾರ್ಖಾನೆಗಳ ನೌಕರರು, ಕುಷ್ಟಗಿ ಕಡೆಯ ಬೀಜೋತ್ಪಾದಕರು, ಕಿನ್ನಾಳದ ಬೊಂಬೆ ಮಾಡುವವರು. ಸರಕಾರಿ ಶಾಲೆಯ ಮೇಷ್ಟ್ರುಗಳನ್ನು ಸನ್ಮಾನಕ್ಕೆ ಕರೆಯುತ್ತಾರೆ, ಸದಸ್ಯತ್ವಕ್ಕೆ ಕರೆಯುವುದಿಲ್ಲ.

ಮಹಿಳೆಯರ ಮಾತು ಬಂದರೆ ಇನ್ನೂ ವಿಚಿತ್ರ. ಲಯನ್ಸ್ 1987ರಲ್ಲಿ, ರೋಟರಿ 1989ರಲ್ಲಿ ಮಹಿಳೆಯರಿಗೆ ಬಾಗಿಲು ತೆರೆದವು. ಇಷ್ಟು ವರ್ಷದ ಮೇಲೂ ಸ್ವಂತ ಆಸ್ಪತ್ರೆ ನಡೆಸುವ ಡಾಕ್ಟರಮ್ಮ ಸಭೆಯಲ್ಲಿ ಸದಸ್ಯರ ಪತ್ನಿಯಾಗಿ ಕೂರುವ ಕ್ಲಬ್ಬುಗಳಿವೆ. ಲಯನ್ಸ್‌ನಲ್ಲಿ ಕುಟುಂಬ ಸದಸ್ಯತ್ವವಿದೆ: ಮನೆಯ ಮೊದಲ ಸದಸ್ಯರಿಗೆ ಪೂರ್ತಿ ಅಂತರರಾಷ್ಟ್ರೀಯ ಶುಲ್ಕ, ನಂತರದವರಿಗೆ ಅರ್ಧ. ಆದರೆ ರಾತ್ರಿ ಒಂಬತ್ತಕ್ಕೆ ಶುರುವಾಗಿ ಊಟ ಮುಗಿಯುವಾಗ ಹನ್ನೊಂದಾಗುವ ಸಭೆ ಇಟ್ಟುಕೊಂಡು ಶುಲ್ಕ ಅರ್ಧ ಮಾಡಿದರೆ ಏನು ಬಂತು? ಭಾನುವಾರ ಬೆಳಿಗ್ಗೆ ಏಳರಿಂದ ಎಂಟೂವರೆ ಮಾಡಿ ನೋಡಲಿ. ಅಂಗಡಿ ಬಾಗಿಲು ಹಾಕುವ ತಾಪತ್ರಯವಿಲ್ಲ, ಡಾಕ್ಟರರ ಸಂಜೆ ಓಪಿಡಿಗೂ ಅಡ್ಡಿಯಿಲ್ಲ, ಏಪ್ರಿಲ್-ಮೇ ಬಿಸಿಲಿಗೂ ಅದೇ ತಕ್ಕ ಹೊತ್ತು. ಮಂಡಾಳ (ಮಂಡಕ್ಕಿ) ಒಗ್ಗರಣಿ, ಮಿರ್ಚಿ, ಚಹಾ ಸಾಕು. ಹೋಟೆಲಿನ ಊಟದ ಬಿಲ್ಲು ತಪ್ಪುತ್ತದೆ. ಆ ಬಿಲ್ಲೇ ಎಷ್ಟೋ ಕ್ಲಬ್ಬುಗಳಲ್ಲಿ ಸೇವಾ ನಿಧಿಯನ್ನು ನುಂಗುತ್ತಿದೆ. ರೋಟರಿಯಲ್ಲಿ ವಾರವಾರ ಸಭೆ ಆಗಲೇಬೇಕೆಂಬ ಕಟ್ಟುನಿಟ್ಟು 2016ರಲ್ಲೇ ಸಡಿಲವಾಗಿದೆ, ತಿಂಗಳಿಗೆ ಎರಡು ಸಾಕು.

ಕರೆಯುವ ಕಾಲವೂ ಮುಖ್ಯ. ಜೂನ್-ಜುಲೈನಲ್ಲಿ ಬೀಜ-ಗೊಬ್ಬರದ ಅಂಗಡಿಯವರಿಗೆ ಉಸಿರಾಡಲು ಪುರುಸೊತ್ತಿಲ್ಲ. ತುಂಗಭದ್ರೆ ತುಂಬಿ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ನಾಟಿಯ ಭರಾಟೆ. ಸೆಪ್ಟೆಂಬರ್‌ನಲ್ಲಿ ಆಡಿಟರುಗಳು ಸಿಗುವುದಿಲ್ಲ. ನವೆಂಬರ್‌ನಿಂದ ಜನವರಿವರೆಗೆ ಗಿರಣಿ, ಜಿನ್ನಿಂಗ್ ಎರಡೂ ಹಗಲುರಾತ್ರಿ. ಮಾರ್ಚ್‌ನಲ್ಲಿ ಬ್ಯಾಂಕಿನವರ ವರ್ಷಾಂತ್ಯ. ಅಂದರೆ ಇಡೀ ಊರಿಗೆ ಅನುಕೂಲವಾದ ಒಂದು ತಿಂಗಳಿಲ್ಲ. ಆದ್ದರಿಂದ ಸದಸ್ಯತ್ವ ಅಭಿಯಾನ ಎಂದು ಬ್ಯಾನರ್ ಕಟ್ಟುವುದರಿಂದ ಪ್ರಯೋಜನ ಕಡಿಮೆ. ಗೊಬ್ಬರದಂಗಡಿಯವರನ್ನು ಫೆಬ್ರುವರಿಯಲ್ಲಿ, ಬ್ಯಾಂಕಿನವರನ್ನು ಮೇನಲ್ಲಿ, ಒಬ್ಬೊಬ್ಬರನ್ನೇ ಅವರವರ ಬಿಡುವಿನಲ್ಲಿ ಕಾಣಬೇಕು. ಪದಗ್ರಹಣಕ್ಕೆ ಸಂಖ್ಯೆ ತುಂಬಿಸಲು ಜೂನ್ ಕೊನೆಯ ವಾರದಲ್ಲಿ ಕರೆದರೆ ನಮ್ಮ ಕಡೆಯವರು ಮುಖ ಮುರಿಯುವುದಿಲ್ಲ, "ನೋಡೋಣ್ ಬಿಡ್ರಿ" ಎನ್ನುತ್ತಾರೆ. ಅದು ಒಪ್ಪಿಗೆಯಲ್ಲ ಎಂದು ಹೊರಗಿನಿಂದ ಬಂದ ಕ್ಲಬ್ಬುಗಳ ಜಿಲ್ಲಾ ಘಟಕದ ಪದಾಧಿಕಾರಿಗಳಿಗೆ ತಿಳಿಯದು.

ಕರೆಯುವುದು ಸಭೆಗಲ್ಲ, ಕೆಲಸಕ್ಕೆ. ರಕ್ತದಾನ ಶಿಬಿರವನ್ನೇ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಕಾಲೇಜುಗಳಿಗೆ ರಜೆ, ಬಿಸಿಲಿಗೆ ದಾನಿಗಳು ಹೊರಬರುವುದಿಲ್ಲ, ರಕ್ತನಿಧಿ ಬರಿದಾಗುವುದು ಆಗಲೇ. ಶಿಬಿರ ಬೆಳಿಗ್ಗೆ ಏಳಕ್ಕೆ ಶುರುವಾಗಿ ಹನ್ನೊಂದಕ್ಕೆ ಮುಗಿಯಬೇಕು. ಸೇರಬಹುದಾದ ಒಬ್ಬರನ್ನು ನೋಂದಣಿ ಮೇಜಿಗೆ ಕೂರಿಸಿ: ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೊ, ಹಿಂದಿನ ದಾನದಿಂದ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರಬೇಕು. ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆ ಬಂದು ವಾಪಸು ಹೊರಟ ಹುಡುಗಿಗೆ ಬೇಸರವಾಗದಂತೆ ಎರಡು ಮಾತಾಡುವ ಕೆಲಸವೂ ಅವರದೇ. ನಾಲ್ಕು ತಾಸು ಹೀಗೆ ಕೂತೆದ್ದವರು ಮತ್ತೆ ಬರುತ್ತೇನೆಂದರೆ ಅವರು ಸದಸ್ಯರಾಗಿ ಉಳಿಯುವವರು. ಒಂದು ತಾಸಿಗೇ ಫೋಟೊ ತೆಗೆಸಿಕೊಂಡು ಹೊರಟರೆ ಅದೂ ತಿಳಿದಂತಾಯಿತು, ಶುಲ್ಕ ಕಟ್ಟಿಸಿಕೊಳ್ಳುವ ಮೊದಲೇ.

ಕಣ್ಣಿನ ಶಿಬಿರ ಇನ್ನೂ ಒಳ್ಳೆಯದು, ಏಕೆಂದರೆ ಅದರ ಕೆಲಸ ಒಂದು ದಿನಕ್ಕೆ ಮುಗಿಯುವುದಿಲ್ಲ. ಪೊರೆ ಶಸ್ತ್ರಚಿಕಿತ್ಸೆಯಾದ ಅಜ್ಜ-ಅಜ್ಜಿಯರಿಗೆ ನಾಲ್ಕರಿಂದ ಆರು ವಾರ ಹನಿ ಹಾಕಬೇಕು, ತಪಾಸಣೆಗೆ ಮತ್ತೆ ಕರೆತರಬೇಕು. ಎಡವಟ್ಟಾಗುವುದು ಇಲ್ಲೇ: ಶಿಬಿರದ ದಿನ ವ್ಯಾನು ಇರುತ್ತದೆ, ಮರುತಪಾಸಣೆಯ ದಿನ ಇರುವುದಿಲ್ಲ. ಹೊಸಬರಿಗೆ ಹತ್ತು ರೋಗಿಗಳ ಪಟ್ಟಿ ಮತ್ತು ಅವರ ಮನೆಯವರ ಫೋನ್ ನಂಬರು ಕೊಡಿ, ವಾರಕ್ಕೊಮ್ಮೆ ವಿಚಾರಿಸಲಿ. ಅಜ್ಜಿ ಮೊಮ್ಮಗಳ ಮುಖ ಸ್ಪಷ್ಟವಾಗಿ ಕಂಡಿತೆಂದು ಫೋನಿನಲ್ಲಿ ಹೇಳಿದ್ದನ್ನು ಕೇಳಿದವರಿಗೆ ಕ್ಲಬ್ಬು ಬಿಡಬೇಡಿ ಎಂದು ಬೇರೆ ಹೇಳಬೇಕಾಗಿಲ್ಲ.

ಅರವಟಿಗೆಯೂ ಹಾಗೆಯೇ. ಮಾರ್ಚ್‌ನಲ್ಲಿ ರಿಬ್ಬನ್ ಕತ್ತರಿಸಿ ಉದ್ಘಾಟನೆ, ಮೂರನೇ ವಾರಕ್ಕೆ ಮಡಕೆ ಖಾಲಿ. 20 ಲೀಟರಿನ ಒಂದು ಕ್ಯಾನು 200 ಮಿಲಿಯ ಲೋಟದ ಲೆಕ್ಕದಲ್ಲಿ ನೂರು ಜನಕ್ಕೆ ಬರುತ್ತದೆ. ಬಸ್ ನಿಲ್ದಾಣದ ಎದುರು ಅದು ಎಷ್ಟು ಹೊತ್ತಿನ ಮಾತು! ದಿನಕ್ಕೆ ಎಷ್ಟು ಕ್ಯಾನು, ಯಾವ ಹೊತ್ತಿಗೆ, ಮಡಕೆ ತೊಳೆಯುವವರು ಯಾರು ಎಂದು ಮೊದಲೇ ಬರೆದು, ವಾರಕ್ಕೊಬ್ಬ ಸದಸ್ಯರ ಹೆಸರು ಹಾಕಬೇಕು. ಕೊಪ್ಪಳದ ಗವಿಮಠದ ಜಾತ್ರೆಯನ್ನು ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಜೋಳದ ರೊಟ್ಟಿ ಬರುತ್ತದೆ, ದಾಸೋಹದಲ್ಲಿ ಬಡಿಸಲು ಜನ ತಾವಾಗಿ ನಿಲ್ಲುತ್ತಾರೆ. ಅವರಿಗೆ ಯಾರೂ ಪಿನ್ನು ಚುಚ್ಚಿಲ್ಲ. ಎಲ್ಲಿ ನಿಲ್ಲಬೇಕು, ಏನು ಮಾಡಬೇಕು ಎಂಬುದು ಗೊತ್ತಿದೆ, ಅಷ್ಟೇ.

ಹಣದ ವಿಷಯವನ್ನು ಮೊದಲ ದಿನವೇ ಬಿಡಿಸಿ ಹೇಳಬೇಕು. ಸದಸ್ಯರು ಕಟ್ಟುವುದರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯ ಪಾಲು, ಜಿಲ್ಲಾ ಘಟಕದ ಪಾಲು, ಕ್ಲಬ್ಬಿನ ಖರ್ಚು ಎಂದು ಮೂರು ಭಾಗಗಳಿರುತ್ತವೆ. ಜನ ಸಿಟ್ಟಾಗುವುದು ಇವಕ್ಕಲ್ಲ. ಸೇರಿದ ಎರಡನೇ ತಿಂಗಳು "ಪ್ರತಿಯೊಬ್ಬರೂ ಇಷ್ಟು ಕೊಡತಕ್ಕದ್ದು" ಎಂದು ವಾಟ್ಸ್ಯಾಪ್‌ನಲ್ಲಿ ಬರುವ ನಾಲ್ಕನೆಯದಕ್ಕೆ. ಅಂತರರಾಷ್ಟ್ರೀಯ ಪಾಲಿನ ಬಿಲ್ಲು ಜುಲೈ ಮತ್ತು ಜನವರಿಯಲ್ಲಿ, ಪಟ್ಟಿಯಲ್ಲಿರುವ ಹೆಸರುಗಳ ಲೆಕ್ಕದಲ್ಲಿ ಬರುತ್ತದೆ. ಬಿಟ್ಟುಹೋದವರ ಹೆಸರನ್ನು ಮುಲಾಜಿಗೆ ಉಳಿಸಿಕೊಂಡರೆ ಅವರ ಪಾಲನ್ನು ಇರುವವರು ಕಟ್ಟಬೇಕು, ಆ ಕಾರಣಕ್ಕೆ ಇನ್ನಿಬ್ಬರು ಬಿಡುತ್ತಾರೆ. ಜೂನ್ ಮತ್ತು ಡಿಸೆಂಬರ್ ಮಧ್ಯಭಾಗದಲ್ಲಿ ಕಾರ್ಯದರ್ಶಿ, ಖಜಾಂಚಿ ಇಬ್ಬರೂ ಕೂತು ಪಟ್ಟಿ ತಿದ್ದಬೇಕು.

ಪಿನ್ನು ಹಾಕುವುದು ಪದಗ್ರಹಣದ ಗದ್ದಲದಲ್ಲಿ ಬೇಡ. ಮೂರು ತಾಸಿನ ಭಾಷಣಗಳ ನಡುವೆ ಹತ್ತು ಹೆಸರು ಒಟ್ಟಿಗೆ ಕೂಗಿದರೆ ಹೊಸಬರ ಹೆಸರು ಪಕ್ಕದ ಕುರ್ಚಿಯವರಿಗೂ ನೆನಪಿರುವುದಿಲ್ಲ. ಸಾಮಾನ್ಯ ಸಭೆಯಲ್ಲಿ ಹತ್ತು ನಿಮಿಷ ಕೊಟ್ಟು, ಅವರು ಆಗಲೇ ಮಾಡಿದ ಕೆಲಸ ಹೇಳಿ ಪರಿಚಯಿಸಲಿ. ಸತತ ಎರಡು ಸಭೆಗೆ ಬಾರದಿದ್ದರೆ ಕರೆತಂದವರೇ ಫೋನ್ ಮಾಡಬೇಕು, ಕಾರ್ಯದರ್ಶಿ ಅಲ್ಲ. ಕಾರ್ಯದರ್ಶಿ ಫೋನ್ ಮಾಡಿದರೆ ಬಾಕಿ ಕೇಳಲೆಂದೇ ಅಂದುಕೊಂಡು ಯಾರೂ ಎತ್ತುವುದಿಲ್ಲ. ವಾಟ್ಸ್ಯಾಪ್ ಗುಂಪು ಎರಡಿರಲಿ, ಸೂಚನೆಗಳಿಗೆ ಒಂದು, ಶುಭೋದಯಕ್ಕೆ ಇನ್ನೊಂದು. ಒಂದೇ ಇದ್ದರೆ ಶಿಬಿರದ ತಾರೀಖು ಗುಲಾಬಿ ಹೂಗಳ ಕೆಳಗೆ ಹೂತುಹೋಗುತ್ತದೆ.

ವರ್ಗಾವಣೆಯವರ ಕತೆ ಬೇರೆ. ಬ್ಯಾಂಕ್ ಮ್ಯಾನೇಜರು, ಶಕ್ತಿನಗರದ ಎಂಜಿನಿಯರು ಮೂರು ವರ್ಷಕ್ಕೆ ಹೋಗುವವರೆಂದು ಕರೆಯದೆ ಬಿಡುವುದು ತಪ್ಪು. ಹೋಗುವಾಗ ಬಾಕಿ ಇಲ್ಲವೆಂಬ ಪತ್ರ ಕೊಟ್ಟು, ಹೊಸ ಊರಿನ ಕ್ಲಬ್ಬಿಗೆ ಒಂದು ಫೋನ್ ಮಾಡಿದರೆ ಅವರು ಬಿಟ್ಟಂತಾಗುವುದಿಲ್ಲ. ರೋಟರ‍್ಯಾಕ್ಟ್, ಲಿಯೋ ಎಂಬ ಯುವ ಘಟಕಗಳ ಹುಡುಗರಿಗೂ ಇದೇ ಮಾತು; ಡಿಗ್ರಿ ಮುಗಿಸಿ ಬೆಂಗಳೂರಿಗೋ ಹೈದರಾಬಾದಿಗೋ ಹೊರಟ ದಿನ ಅವರ ನಂಬರು ಅಳಿಸಿಹೋಗುತ್ತದೆ. ಆಮೇಲೆ ಅವರಲ್ಲಿ ಕೆಲವರು ಈ ಪತ್ರಿಕೆ ಓದುವ ನಾವಾಗುತ್ತೇವೆ.

ನಾವು ಇಲ್ಲಿಂದ ಏನು ಮಾಡಬಹುದು? ಚೆಕ್ ಬರೆಯುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಅದರಲ್ಲೊಂದು ತೊಡಕಿದೆ. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ವಿದೇಶಿ ಪೌರತ್ವ ಪಡೆದವರು, ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿನವರೂ ಸೇರಿ, ಕೊಟ್ಟರೆ ಅದು ವಿದೇಶಿ ದೇಣಿಗೆ. ನಮ್ಮ ಸಂಘ ಕೊಟ್ಟರೂ ಅಷ್ಟೇ. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ 2010ರ ಎಫ್‌ಸಿಆರ್‌ಎ ಕಾಯ್ದೆಯಂತೆ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಕ್ಲಬ್ಬು ಅದನ್ನು ಪಡೆಯುವಂತಿಲ್ಲ. ಕಳಿಸುವ ಮೊದಲು ಕೇಳಿ, ಇಲ್ಲದಿದ್ದರೆ ಪೇಚಿಗೆ ಸಿಕ್ಕುವವರು ಅಲ್ಲಿನ ಖಜಾಂಚಿ.

ಹೆಸರು ಕೊಡುವುದಕ್ಕೆ ಯಾವ ಕಾಯ್ದೆಯೂ ಅಡ್ಡಬರುವುದಿಲ್ಲ. ಡಿಸೆಂಬರ್‌ನಲ್ಲಿ ಊರಿಗೆ ಹೋಗುವವರು ನಿಮ್ಮ ಶಾಲೆಯ ಗೆಳೆಯರಲ್ಲಿ ಅಲ್ಲೇ ನೆಲೆಸಿದ ಇಬ್ಬರ ಹೆಸರನ್ನು ಕ್ಲಬ್ಬಿನವರಿಗೆ ಹೇಳಿ, ಸಾಧ್ಯವಾದರೆ ಅವರನ್ನೇ ಕರೆದುಕೊಂಡು ಒಂದು ಭಾನುವಾರ ಬೆಳಿಗ್ಗೆ ಶಿಬಿರಕ್ಕೆ ಹೋಗಿ. ಶಾಲು ಹೊದಿಸಲು ಬಂದರೆ ತಡೆದು, ನೋಂದಣಿ ಮೇಜಿನ ಹಿಂದೆ ಎರಡು ಕುರ್ಚಿ ಕೇಳಿ.